ಇಬ್ಬನಿಯ ಬಟ್ಟೆ

ಯಾರನ್ನೇ ಮುಟ್ಟುವ ಮೊದಲು ಅವರು ತಮ್ಮ ಎರಡೂ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಮಗುವಿರಲಿ, ಕಾರ್ ಪಾರ್ಕಿನ ಬೆಕ್ಕಿರಲಿ, ಮರದ ಕಾಂಡವಿರಲಿ, ಈ ಕ್ರಮ ತಪ್ಪುತ್ತಿರಲಿಲ್ಲ. ಬದುಕಿನ ಬಹುಪಾಲು ಸೂಲಗಿತ್ತಿಯಾಗಿ ದುಡಿದ ಕೈಗಳು ಅವು. ಅಬುಧಾಬಿಯ ಹೆರಿಗೆ ವಾರ್ಡುಗಳಲ್ಲಿ ಎಷ್ಟು ಮಕ್ಕಳನ್ನು ಹಿಡಿದಿದ್ದರೋ, ಲೆಕ್ಕವಿಟ್ಟಿರಲಿಲ್ಲ. ಎಲ್ಲದಕ್ಕೂ ಲೆಕ್ಕವಿಡುವ ನನಗೆ ಇದನ್ನು ಸಹಿಸಲಾಗಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ.

“ಎಣಿಸಬಾರದು,” ಎಂದರು. “ಎಣಿಸಿದರೆ, ಆ ಲೆಕ್ಕಕ್ಕೆ ಸಿಗದೆ ಹೋದವು ಬಂದು ಬಾಗಿಲಲ್ಲಿ ನಿಲ್ಲುತ್ತವೆ.”

ಹೇಳುವಾಗ ನಗಲಿಲ್ಲ.

ಈ ಫೆಬ್ರವರಿಯಲ್ಲಿ ಅವರ ಸಾವಿನ ಸುದ್ದಿ ಬಂದ ಮೇಲೆ ನನ್ನ ಡೈರಿಗಳನ್ನು ತೆರೆದು, ಅವರು ಎಲ್ಲೆಲ್ಲಿ ಇದ್ದಾರೆಂದು ನೋಡಿದೆ. ನಾನು ದಿನವೂ ಬರೆಯುವವಳು. ಲಿಫ್ಟು ಕೆಟ್ಟ ದಿನ, ಊರಿನಿಂದ ಫೋನು ಬಂದ ದಿನ, ಮಂಜು ಮುಸುಕಿದ ಬೆಳಗು, ಎಲ್ಲಕ್ಕೂ ಬೇರೆ ಬೇರೆ ಗೀಟು. ಮಂಜಿನ ಗೀಟು ಇರುವ ಕಡೆಯಲ್ಲೆಲ್ಲ ಪಕ್ಕದಲ್ಲಿ ಅವರಿದ್ದಾರೆ. ಹೆಸರು ಬರೆದಿಲ್ಲ, ‘ಎದುರು ಮನೆ’ ಎಂದಷ್ಟೇ ಬರೆದಿದ್ದೇನೆ. ಇಲ್ಲಿಯೂ ಹಾಗೆಯೇ ಇರಲಿ.

ಹಮ್ದಾನ್ ಸ್ಟ್ರೀಟಿನ ಹಿಂಬದಿಯ ಹಳೆಯ ಕಟ್ಟಡದಲ್ಲಿ ನಮ್ಮ ಬಾಗಿಲಿಗೆ ಎದುರು ಅವರ ಬಾಗಿಲು. ಊರು ಐರ್ಲೆಂಡಿನ ಪಡುವಣ ಅಂಚು. ಹೊಲ ಮುಗಿದಲ್ಲಿ ಬಂಡೆ, ಬಂಡೆ ಮುಗಿದಲ್ಲಿ ಸಮುದ್ರ. ಆಸ್ಪತ್ರೆಯ ಕೆಲಸ ಬಿಟ್ಟು, ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಬಸುರಿಯರಿಗೆ ಪಾಠ ಹೇಳುತ್ತಿದ್ದರು. ಮದುವೆಯಾಗಿರಲಿಲ್ಲ. ವಯಸ್ಸು ಕೇಳಿದರೆ “ಮುಂದಿನ ಚಳಿಗಾಲಕ್ಕೆ ಇನ್ನೂ ಹೆಚ್ಚು” ಎನ್ನುತ್ತಿದ್ದರು.

ಪರಿಚಯವಾದದ್ದು ಜನವರಿಯ ಕೊನೆಯ ಸಂಜೆ. ನಾನು ಆಫೀಸಿನಿಂದ ಬರುವಾಗ ಅವರ ಬಾಗಿಲಲ್ಲಿ ನಮ್ಮ ನಾತೂರ್ ನಿಂತಿದ್ದ. ಕಟ್ಟಡ ಕಾಯುವವನನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಕಾಸರಗೋಡಿನವನು, ನನ್ನ ಜೊತೆ ಕನ್ನಡ, ಉಳಿದವರ ಜೊತೆ ಎಲ್ಲ ಭಾಷೆ.

“ಮೇಡಂ, ಬಾಲ್ಕನಿಯಲ್ಲಿ ಬಟ್ಟೆ ಹಾಕಿದ್ರೆ ಬಲದಿಯಾದವರು ಫೈನ್ ಹಾಕ್ತಾರೆ. ರೋಡಿಂದ ಕಾಣ್ತದೆ,” ಎಂದು ತನ್ನ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ನಗರಸಭೆಯ ಹೆಸರು ಹೇಳಿದರೆ ಇಲ್ಲಿ ಯಾರಾದರೂ ಹೆದರಬೇಕು. ಅವರು ಹೆದರಲಿಲ್ಲ.

“ಅದು ಒಗೆದ ಬಟ್ಟೆಯಲ್ಲ. ಅದನ್ನು ಯಾರೂ ಯಾವತ್ತೂ ಒಗೆದಿಲ್ಲ.”

“ಒಗೆಯದ್ದನ್ನು ಒಣಗಿಸುದು ಎಂತಕ್ಕೆ?”

“ಒಣಗಲಿ ಅಂತ ಹಾಕಿಲ್ಲಪ್ಪ. ನೆನೆಯಲಿ ಅಂತ ಹಾಕಿದ್ದೇನೆ.”

ನಾತೂರ್ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ನೀವಾದ್ರೂ ಹೇಳಿ ಮಾರಾಯ್ರೆ. ಫೈನ್ ಬಂದ್ರೆ ಕಂಪನಿಯವರು ನನ್ನನ್ನೇ ಹಿಡಿಯುದು. ಖಲಾಸ್, ನಾನು ಊರಿಗೆ,” ಎಂದ.

ಕಂಬಿಯ ಮೇಲಿಂದ ತೆಗೆದು, ಕಂಬಿಗಿಂತ ತಗ್ಗಾದ ಸ್ಟೂಲಿನ ಮೇಲೆ ಹರಡಿದರೆ ರಸ್ತೆಗೆ ಕಾಣುವುದಿಲ್ಲ, ಆಕಾಶಕ್ಕೆ ಕಾಣುತ್ತದೆ ಎಂದೆ. ಅವರು ನನ್ನ ಕಡೆ ತಿರುಗಿದರು. “ನಿನಗೆ ತಲೆ ಇದೆ. ಒಳಗೆ ಬಾ,” ಎಂದರು.

ಬಟ್ಟೆ ದೊಡ್ಡದೇನಲ್ಲ. ಹಳೆಯ ಲಿನನ್, ನಮ್ಮ ಅಂಗವಸ್ತ್ರದಷ್ಟು ಅಗಲ, ಬಣ್ಣ ಹಾಲಿನ ಕೆನೆಯಿಂದ ಚಹಾದ ಕಲೆಯವರೆಗೆ. ಅವರ ಅಜ್ಜಿಯ ತಾಯಿ ನೇಯ್ದದ್ದು. ಚಳಿ ಮುಗಿದು ನೆಲ ಎಚ್ಚರಗೊಳ್ಳುವ ಹಿಂದಿನ ಸಂಜೆ, ಅಂದರೆ ಜನವರಿಯ ಕೊನೆಯ ದಿನ, ಮನೆಯ ಹಿರಿಯ ಹೆಂಗಸು ಅದನ್ನು ಹೊರಗೆ ಹಾಸಬೇಕು. ಅಂದು ಬ್ರೀಡ್ ಊರೂರು ತಿರುಗುತ್ತಾಳೆ. ಅವಳು ದೇವತೆಯೋ ಸಂತಳೋ ಎಂದರೆ “ಕೇಳುವವರು ಪಾದ್ರಿಯಾದರೆ ಸಂತಳು” ಎನ್ನುತ್ತಿದ್ದರು. ಹೆರಿಗೆಗೆ, ಕರು ಹಾಕುವ ಹಸುವಿಗೆ, ಒಲೆಯ ಬೆಂಕಿಗೆ ಅವಳೇ ದಿಕ್ಕು. ಹಾದುಹೋಗುವಾಗ ಬಟ್ಟೆಯನ್ನು ಮುಟ್ಟುತ್ತಾಳೆ. ಇಬ್ಬನಿ ಅವಳ ಕೈ. ಬೆಳಗ್ಗೆ ಬಿಸಿಲು ತಾಗುವ ಮೊದಲು ಒಳಗೆ ತರಬೇಕು. ವರ್ಷವಿಡೀ ಹೆರಿಗೆಯ ಮನೆಗಳಿಗೆ ಅದು ಹೋಗುತ್ತದೆ. ನೋಯುವವಳ ಹೊಟ್ಟೆಯ ಮೇಲೆ ಹಾಸುತ್ತಾರೆ. ಪ್ರತಿ ಚಳಿಗಾಲ ಅದರ ಶಕ್ತಿ ಹೆಚ್ಚುತ್ತದೆ. ಒಗೆಯುವಂತಿಲ್ಲ. ಒಗೆದರೆ ಅದು ಬಟ್ಟೆ.

“ನನ್ನ ಊರಿನದು ಅಂತ ನನ್ನ ಹತ್ತಿರ ಉಳಿದಿರೋದು ಇಷ್ಟೇ,” ಎಂದು ಅದನ್ನು ತೊಡೆಯ ಮೇಲೆ ಹರಡಿದರು. “ಇಲ್ಲಿ ನನ್ನ ತಾಯಿ ಇದ್ದಾಳೆ, ಅವಳ ತಾಯಿ ಇದ್ದಾಳೆ, ಬಾವಿಯ ಪಕ್ಕದ ನಮ್ಮ ಹೊಲ ಇದೆ. ನನಗೆ ಮಗಳಿಲ್ಲ. ನಾನು ಹೋದ ಮೇಲೆ ಯಾರಾದರೂ ಇದರಿಂದ ಕಿಟಕಿ ಒರೆಸುತ್ತಾರೆ.”

ಅವರ ಭಯ ಅದೊಂದೇ. ಸಾವಿನ ಭಯ ಇರಲಿಲ್ಲ.

ಅವತ್ತು ನನ್ನಿಂದ ಒಂದು ಕೆಲಸ ಬೇಕಿತ್ತು ಅವರಿಗೆ. ಬೆಳಗ್ಗೆ ಬಟ್ಟೆ ಹಿಡಿದವಳು ಹೊರಗೆ ನಿಂತು ಬಾಗಿಲು ತಟ್ಟಬೇಕು. “ಬ್ರೀಡ್ ಬಂದಿದ್ದಾಳೆ, ಬಾಗಿಲು ತೆಗೆಯಿರಿ,” ಎನ್ನಬೇಕು. ಒಳಗಿದ್ದವರು, “ಬರಲಿ, ಬರಲಿ, ಅವಳ ಜೊತೆ ಬಂದವರೂ ಬರಲಿ,” ಎನ್ನಬೇಕು. ಒಳಗಿನ ಉತ್ತರವಿಲ್ಲದೆ ಬಟ್ಟೆ ಹೊಸ್ತಿಲು ದಾಟುವಂತಿಲ್ಲ. ಒಂಟಿಯಾಗಿದ್ದ ಅವರು ವರ್ಷಗಳಿಂದ ಎರಡೂ ಮಾತನ್ನು ತಾವೇ ಹೇಳಿಕೊಂಡು ಬಂದಿದ್ದರು.

“ಎರಡೂ ಕಡೆಯಿಂದ ನಾನೇ ಮಾತಾಡಿದರೆ ಒಳಗೆ ಬರೋದು ನಾನೊಬ್ಬಳೇ,” ಎಂದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವರ ಹಜಾರದಲ್ಲಿ ನಿಂತೆ. ಅಂಥ ಮಂಜನ್ನು ನಾನು ಆ ವರ್ಷ ಮತ್ತೆ ನೋಡಲಿಲ್ಲ. ಎದುರಿನ ಟವರುಗಳಿಲ್ಲ, ರಸ್ತೆಯಿಲ್ಲ, ಮಸೀದಿಯ ಹಸಿರು ದೀಪ ಮಾತ್ರ ಎಲ್ಲೂ ಅಂಟದೆ ತೇಲುತ್ತಿತ್ತು. ಬಾಲ್ಕನಿಯ ಗಾಜಿನಾಚೆ ಅವರ ಆಕಾರ, ಕೈಯಲ್ಲಿ ತೊಟ್ಟಿಕ್ಕುವ ಬಟ್ಟೆ. ಗಾಜು ತಟ್ಟಿದ ಸದ್ದಾಯಿತು. ಅವರ ಊರಿನ ಐರಿಷ್ ಭಾಷೆಯಲ್ಲಿ ಮಾತು ಬಂತು. ದನಿ ಅವರದೇ, ಆದರೆ ದೂರದ ಹೊಲದಿಂದ ಕೂಗಿದ ಹಾಗಿತ್ತು. ಅವರು ಕಲಿಸಿದ್ದನ್ನು ಹೇಳಿ ನಾನು ಬಾಗಿಲು ಸರಿಸಿದೆ. ಅವರು ಒಳಗೆ ಬಂದ ಮೇಲೂ ಬಾಗಿಲು ಹಿಡಿದೇ ನಿಂತಿದ್ದೆ. ಇನ್ನೂ ಯಾರೋ ಬರುವುದಿದೆ ಅನ್ನಿಸಿತು. ಅವರ ಹಿಂದೆ ನೆಲದ ಮೇಲೆ ತೇವ ಅಗಲವಾಗಿ ಹರಡುತ್ತಿತ್ತು.

“ಈಗ ಮುಚ್ಚು. ಎಲ್ಲರೂ ಬಂದರು,” ಎಂದು ಅವರೇ ಹೇಳಬೇಕಾಯಿತು.

ಅಂದಿನ ಪುಟದಲ್ಲಿ ಮಂಜಿನ ಗೀಟು ಎಳೆದು ಎದುರು ಏನು ಬರೆಯಲೆಂದು ತಿಳಿಯದೆ ಬಿಟ್ಟಿದ್ದೇನೆ.

ಅವರ ಜೊತೆ ಓಡಾಡುವುದು ಸುಲಭವಿರಲಿಲ್ಲ. ಸಂಜೆ ಗಾಳಿಯ ವಾಸನೆ ನೋಡಿ ನಾಳೆ ಮಂಜೋ ಧೂಳೋ ಹೇಳುತ್ತಿದ್ದರು; ತಪ್ಪಿದರೆ ಗಾಳಿಯ ಮೇಲೆ ದೂರು. ಏರ್ ಕಂಡೀಷನರನ್ನು ‘ಸತ್ತ ಗಾಳಿ’ ಎನ್ನುತ್ತಿದ್ದರು. ಹೊಸ್ತಿಲಲ್ಲಿ ನಿಂತು ‘ಬರ್ತೀನಿ’ ಎಂದು ಯಾರೂ ಹೇಳುವಂತಿಲ್ಲ, ಹೋಗಬೇಕಾದವರು ಮಾತಿನ ನಡುವೆಯೇ ಎದ್ದು ಹೋಗಬೇಕು. ಮರಳುದಿಬ್ಬಗಳನ್ನು ಕಂಡರೆ, ತಮ್ಮ ಊರಿನ ಚಳಿಗಾಲದ ಮುದುಕಿಯ ಮಡಿಲಿನಿಂದ ಸೋರಿದ್ದು ಎನ್ನುವರು. ಬೆಟ್ಟಗಳನ್ನು ಮಾಡಿದವಳು ಆ ಮುದುಕಿ. ಮಡಿಲಲ್ಲಿ ಕಲ್ಲು ತುಂಬಿಕೊಂಡು ನಡೆಯುವಾಗ ಬಿದ್ದವು ಬೆಟ್ಟಗಳಾದವಂತೆ. “ಇಲ್ಲಿಗೆ ಬರುವಷ್ಟರಲ್ಲಿ ಅವಳ ಹತ್ತಿರ ಕಲ್ಲು ಖಾಲಿ, ಹಿಟ್ಟು ಮಾತ್ರ ಇತ್ತು.”

ನನ್ನ ಗಂಡ ಕೆಲಸ ಮಾಡುವ ಸೈಟು ಮರಳುಗಾಡಿನ ಮದೀನತ್ ಜಾಯೆದ್ ಕಡೆ. ಒಂದು ಶನಿವಾರ ಅವನು ಹೊರಟಾಗ ನಾವಿಬ್ಬರೂ ಜೊತೆಗೆ ಹೋದೆವು. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಸುತ್ತ ಏನೂ ಇಲ್ಲದ ಮರಳಿನಲ್ಲಿ ಒಂದೇ ಒಂದು ಗಾಫ್ ಮರ. ಅವರು ಕಾರು ನಿಲ್ಲಿಸಲು ಹೇಳಿದರು. ಇಳಿದು, ಅಂಗೈ ಉಜ್ಜಿಕೊಂಡು ಕಾಂಡ ಮುಟ್ಟಿದರು.

“ಒಂಟಿ ಮರ ಯಾವತ್ತೂ ಯಾರದೋ ಮನೆ. ಹೋಗುವಾಗ ಮಾತಾಡಿಸದೆ ಹೋಗಬಾರದು.”

ನಾನು ಎಲೆ ನೋಡಿದೆ. ಸಣ್ಣ ಸಣ್ಣ ಎಲೆ, ನಡುವೆ ಮುಳ್ಳು. ಇದು ನಮ್ಮ ಬನ್ನಿ! ಮೈಸೂರಿನಲ್ಲಿ ವಿಜಯದಶಮಿಯ ಸಂಜೆ ಸುತ್ತು ಬಂದು, ಎಲೆ ಕಿತ್ತು ಹಿರಿಯರ ಕೈಗಿಟ್ಟು ನಮಸ್ಕರಿಸುವ ಅದೇ ಬನ್ನಿ. ಇಷ್ಟು ವರ್ಷ ಇಲ್ಲಿನ ಬೋರ್ಡುಗಳಲ್ಲಿ ಗಾಫ್ ಎಂಬ ಹೆಸರನ್ನು ಓದಿದ್ದೆನೇ ಹೊರತು ಮರವನ್ನು ನೋಡಿರಲಿಲ್ಲ. ಅಭ್ಯಾಸಬಲದಿಂದ ಒಂದು ಚಿಗುರಿಗೆ ಕೈ ಹಾಕಿದೆ. ಅವರು ಮಣಿಕಟ್ಟು ಹಿಡಿದರು.

“ಕೇಳಿದೆಯಾ?”

“ಯಾರನ್ನು?”

“ಮನೆಯವರನ್ನು.”

ಕೈ ಮುಗಿದು ಕೇಳಿದೆ. ಕಾರಿನಲ್ಲಿ ಕುಳಿತ ಗಂಡ ತಲೆ ಹೊರಗೆ ಹಾಕಿ, “ಯಲ್ಲಾ, ಹೊರಡೋಣ, ಮರದ ಹತ್ತಿರ ವೀಸಾ ತಗೊಂಡಾಯ್ತಾ?” ಎಂದ. ಅವರಿಗೆ ಅನುವಾದಿಸಿ ಹೇಳಿದೆ. “ಅವನಿಗೆ ಕೊಡುವುದಿಲ್ಲವಂತೆ ಅಂತ ಹೇಳು,” ಎಂದರು.

ವಾಪಸು ಬರುವ ದಾರಿಯಲ್ಲಿ, ತಾವು ಯಾಕೆ ಊರಿಗೆ ಹೋಗುವುದಿಲ್ಲವೆಂದು ಹೇಳಿದರು. ಬಾವಿಯ ಪಕ್ಕದ ಹೊಲದಲ್ಲಿ ಒಂಟಿ ಹಾಥಾರ್ನ್ ಇತ್ತು, ಬಿಳಿ ಹೂವಿನ ಮುಳ್ಳುಗಿಡ. ಅಂಥ ಗಿಡ ನೆಲದಡಿಯ ಜನರದ್ದು. ರಸ್ತೆ ಹಾಕುವವರು ಕೂಡ ಬಳಸಿ ಹೋಗುತ್ತಾರೆ. ಅವರ ಮನೆಯ ಹೆಂಗಸರು ಇಬ್ಬನಿಯ ಬಟ್ಟೆ ಹಾಸುತ್ತಿದ್ದದ್ದು ಅದರ ಮೇಲೆ. ತಾಯಿ ಹಾಸಿಗೆ ಹಿಡಿದ ವರ್ಷ ಅವರ ತಮ್ಮನು ಜೆಸಿಬಿ ತರಿಸಿ ಗಿಡವನ್ನು ಕಿತ್ತ. ಹೊಲ ನೇರವಾಗಬೇಕಿತ್ತು, ದನಕ್ಕೆ ಶೆಡ್ ಬೇಕಿತ್ತು. ಕಿಟಕಿಯಿಂದ ತಾಯಿ ನೋಡಿದಳು. ವಾರದಲ್ಲಿ ಹೋದಳು.

“ನಮ್ಮಂಥ ಹಳೆಯ ಮನೆತನಗಳಿಗೆ ಒಬ್ಬ ಅಳುವವಳು ಇರುತ್ತಾಳೆ. ಸಾವಿಗೆ ಮೊದಲು ಹೊಲದ ಅಂಚಿಗೆ ಬಂದು ಅಳುತ್ತಾಳೆ, ಮನೆಯವರಿಗೆ ಕೇಳಿಸುತ್ತದೆ. ನಾನು ಇಲ್ಲಿ ಡ್ಯೂಟಿಯಲ್ಲಿದ್ದೆ. ಅವಳು ಸಮುದ್ರ ದಾಟುವುದಿಲ್ಲ. ನನಗೆ ಫೋನಿನಲ್ಲಿ ತಿಳಿಯಿತು.” ಹೊರಗೆ ನೋಡುತ್ತ ಮುಂದುವರಿಸಿದರು. “ತಮ್ಮನಿಗೆ ಹೇಳಿದೆ, ಆ ಗಿಡ ಎದ್ದು ನಿಲ್ಲುವವರೆಗೆ ಬರುವುದಿಲ್ಲ ಅಂತ. ಅವನಿಗೊಬ್ಬ ಮಗಳಿದ್ದಾಳಂತೆ. ನಾನು ನೋಡಿಲ್ಲ.”

ಮರುವರ್ಷ ನನ್ನ ಮೊದಲ ಬಸಿರು ನಿಲ್ಲಲಿಲ್ಲ. ಬಂದವರೆಲ್ಲ ‘ಇನ್ನೂ ಚಿಕ್ಕವಳು, ಮತ್ತೆ ಆಗುತ್ತೆ’ ಎಂದು ಹೋದರು. ಎದುರು ಮನೆಯವರು ಮಾತ್ರ ಬಟ್ಟೆಯನ್ನು ನನ್ನ ತಲೆಯ ಮೇಲೆ ಹೊದಿಸಿ, ಪಕ್ಕದಲ್ಲಿ ಕುಳಿತು, ಬಾಯಿ ಮುಚ್ಚಿಯೇ ಗಂಟಲಿನಲ್ಲಿ ಒಂದು ರಾಗ ಎಳೆಯತೊಡಗಿದರು. ಹಿಂದೆ ಅವರ ಕಡೆ ಸತ್ತವರ ಮುಂದೆ ಹೆಂಗಸರು ಹೀಗೆ ಅಳುತ್ತಿದ್ದರಂತೆ, ಪಾದ್ರಿಗಳು ನಿಲ್ಲಿಸಿದರಂತೆ. “ಹುಟ್ಟದವರಿಗೂ ಯಾರಾದರೂ ಅಳಬೇಕು. ಇಲ್ಲದಿದ್ದರೆ ಹೋಗುವ ದಾರಿ ಗೊತ್ತಾಗದೆ ಮನೆಯಲ್ಲೇ ಸುತ್ತುತ್ತವೆ,” ಎಂದರು. ಬಟ್ಟೆಯೊಳಗೆ ಒದ್ದೆ ಮಣ್ಣು, ಹೊಗೆ, ಹಸುವಿನ ಮೈ, ಇನ್ನೇನೋ ಕಬ್ಬಿಣದಂಥ ವಾಸನೆ. ನಾನು ಹುಟ್ಟಿ ಬೆಳೆದ ಯಾವ ಜಾಗದ್ದೂ ಅಲ್ಲದ ವಾಸನೆ. ಆದರೂ ಅದರೊಳಗೇ ನನಗೆ ಅಳು ಬಂತು.

ಮತ್ತೆ ಬಸುರಿಯಾದಾಗ ಅವರು ಒಂದು ನಿರ್ಧಾರ ಹೇಳಿದರು. “ಹೆರಿಗೆ ಮುಗಿಯಲಿ. ಆಮೇಲೆ ಬಟ್ಟೆ ನಿನ್ನ ಹತ್ತಿರ ಇರಲಿ. ರಕ್ತ ಬೇರೆ ಆದರೂ ಒಳಗಿನ ಉತ್ತರ ಹೇಳಿದವಳು ನೀನು.” ಅಂದು ಅವರ ಮುಖದಲ್ಲಿ ಕಂಡ ನಿರಾಳ ಆಮೇಲೆ ಕಾಣಲಿಲ್ಲ.

ಬಾಣಂತನಕ್ಕೆ ಅಮ್ಮ ಮೈಸೂರಿನಿಂದ ವಿಸಿಟ್ ವೀಸಾದಲ್ಲಿ ಬಂದಳು. ಜೊತೆಗೆ ಎರಡು ಸೂಟ್‌ಕೇಸ್ ತುಂಬ ಕಾಳುಮೆಣಸು, ಬಜೆ, ಹರಳೆಣ್ಣೆ, ಹಳೆಯ ಮೆತ್ತನೆಯ ಪಂಚೆಗಳು. ಎದುರು ಮನೆಯವರನ್ನು ಕಂಡದ್ದೇ ಗೌರವ, ಹಿಂದೆಯೇ ಅನುಮಾನ.

“ಸೂಲಗಿತ್ತಿ ಅಂತೀಯ, ಬೆಳ್ಳುಳ್ಳಿ ಕಂಡ್ರೆ ಮೂಗು ಮುಚ್ತಾರಲ್ಲೇ!”

“ಅಮ್ಮಾ, ಮೆಲ್ಲಗೆ.”

“ಅವರಿಗೇನು ಕನ್ನಡ ಬರುತ್ತಾ? ನಗ್ತಾ ಹೇಳಿದ್ರೆ ಹೊಗಳ್ತಾ ಇದೀನಿ ಅಂದ್ಕೋತಾರೆ.”

ಅತ್ತಲಿಂದ ಅವರು, “ನಿನ್ನ ತಾಯಿ ನನ್ನ ಮೂಗಿನ ಬಗ್ಗೆ ಏನು ಹೇಳಿದರು?” ಎಂದು ಕೇಳಿದರು. ಭಾಷೆ ಇಲ್ಲದೆ ಇಬ್ಬರೂ ಗಂಟೆಗಟ್ಟಲೆ ಕುಳಿತಿರುತ್ತಿದ್ದರು. ಅಮ್ಮ ಹೂಬತ್ತಿ ಹೊಸೆಯುವಳು, ಅವರು ಬ್ರೀಡ್ ಹೆಸರಿನ ಹುಲ್ಲಿನ ಶಿಲುಬೆ ಹೆಣೆಯುವರು.

ನೋವು ಬಂದ ಮಧ್ಯಾಹ್ನ ಅವರೇ ಬಂದು ಬಟ್ಟೆಯನ್ನು ಹೊಟ್ಟೆಯ ಮೇಲೆ ಹಾಸಿದರು. ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಬಿಡಲಿಲ್ಲ. ಬಟ್ಟೆ ಮಾತ್ರ ಹೊದಿಕೆಯಡಿ ನನ್ನ ಜೊತೆ ಬಂತು. ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಮಗಳು ಹುಟ್ಟಿದಳು. ಬಾಗಿಲಾಚೆ ಕಾಯುತ್ತಿದ್ದ ಅವರಿಗೆ ಅಮ್ಮ ಮಗುವನ್ನು ತೂಗುವಂತೆ ಕೈಯಾಡಿಸಿ ತೋರಿಸಿದಳಂತೆ. ಇಬ್ಬರೂ ತಬ್ಬಿಕೊಂಡರಂತೆ.

ಮನೆಗೆ ಬಂದ ಎರಡನೆಯ ದಿನ ನಾನು ನಿದ್ದೆಯಲ್ಲಿದ್ದೆ. ಅಮ್ಮ ಹೆರಿಗೆಯ ಬಟ್ಟೆಗಳನ್ನೆಲ್ಲ ಒಟ್ಟು ಮಾಡಿದಳು. ಅದರಲ್ಲಿ ಅದೂ ಇತ್ತು, ನನ್ನ ರಕ್ತದ ಕಲೆಯೊಂದಿಗೆ. ಪುರುಡಿನ ಮೈಲಿಗೆ ತಾಗಿದ್ದನ್ನು ಹಾಗೆಯೇ ಹಿಂದಿರುಗಿಸುವುದು ಅಮ್ಮನ ಲೋಕದಲ್ಲಿ ಅವಮಾನ. ಅದೂ ಮಗಳ ಪ್ರಾಣ ಕಾದವರ ವಸ್ತು. ಬಿಸಿ ನೀರು, ಬ್ಲೀಚು, ಕೊನೆಗೆ ಹೂವಿನ ವಾಸನೆಯ ದ್ರವ. ಡ್ರೈಯರಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಡಚಿದಳು. ಬೆಳ್ಳಿ ತಟ್ಟೆಯಲ್ಲಿ ಇಟ್ಟು, ಮೇಲೆ ಒಂದು ರವಿಕೆಕಣ, ಎಲೆಅಡಿಕೆ, ಬಾಳೆಹಣ್ಣು. ರೇಷ್ಮೆಸೀರೆ ಉಟ್ಟು ಎದುರು ಬಾಗಿಲು ತಟ್ಟಿದಳು.

ಆ ಸದ್ದಿಗೆ ಎಚ್ಚರವಾಗಿ ಮಗುವನ್ನೆತ್ತಿಕೊಂಡು ನಮ್ಮ ಬಾಗಿಲಿಗೆ ಬಂದೆ. ಅವರು ತಟ್ಟೆಯ ಮೇಲಿನಿಂದ ರವಿಕೆಕಣ ಎತ್ತಿ ನಕ್ಕರು. ಕೆಳಗಿನದನ್ನು ಕಂಡರು. ಬಿಳಿ, ಒಂದು ಕಲೆಯಿಲ್ಲ. ಎತ್ತಿ ಮುಖಕ್ಕೆ ಹಿಡಿದು ಉಸಿರೆಳೆದರು. ಮತ್ತೊಮ್ಮೆ ಎಳೆದರು, ಎಲ್ಲೋ ಮಡಿಕೆಯೊಳಗೆ ಉಳಿದಿರಬಹುದು ಎನ್ನುವ ಹಾಗೆ. ಅಮ್ಮ ನನ್ನ ಕಡೆ ತಿರುಗಿ ಹೆಮ್ಮೆಯಿಂದ, “ಹೇಳೇ, ಎರಡು ಸಲ ಒಗೆದೆ ಅಂತ,” ಎಂದಳು.

ನಾನು ಹೇಳಬೇಕಾಗಿರಲಿಲ್ಲ. ಅವರು ಅಮ್ಮನ ಕೈ ಹಿಡಿಯಲು ಬಂದರು, ಅಂಗೈ ಉಜ್ಜಿಕೊಳ್ಳಲಿಲ್ಲ. “ಥ್ಯಾಂಕ್ಯೂ,” ಎಂದು ಬಾಗಿಲು ಹಾಕಿಕೊಂಡರು.

ಅಮ್ಮನಿಗೆ ಎಲ್ಲ ಹೇಳಿದೆ. ಮೊದಲು ಸಿಟ್ಟು ಬಂತು. “ಒಗೀಬಾರದು ಅಂತ ನಂಗ್ಯಾರು ಹೇಳಿದ್ರು? ಬಾಣಂತಿ ಬಟ್ಟೆ ಒಗೀದೆ ಇಡ್ತಾರೇನೇ ಯಾರಾದ್ರೂ?” ಆಮೇಲೆ ಮಗುವಿಗೆ ಎಣ್ಣೆ ಹಚ್ಚುತ್ತ ಕೈ ನಿಲ್ಲಿಸಿ ಕೇಳಿದಳು: “ಹಾಗಾದ್ರೆ ಅವ್ರ ಮನೆ ಹೆಂಗಸರನ್ನೆಲ್ಲ ನಾನು ಮೆಷಿನ್ನಿಗೆ ಹಾಕ್ಬಿಟ್ಟೆನಾ?”

ಬಾಗಿಲು ದಿನಗಟ್ಟಲೆ ತೆರೆಯಲಿಲ್ಲ. ನಾತೂರ್ ಹಾಲು ಇಟ್ಟು ಹೋಗುತ್ತಿದ್ದ, ಹಾಲು ಒಳಗೆ ಹೋಗುತ್ತಿತ್ತು, ಅಷ್ಟೇ. ಅಮ್ಮ ಕಾರಿಡಾರಿನಲ್ಲಿ ಮಣೆ ಹಾಕಿಕೊಂಡು ಕುಳಿತಳು. ಬತ್ತಿ ಹೊಸೆಯಲಿಲ್ಲ, ಸುಮ್ಮನೆ ಕುಳಿತಳು. ಒಂದು ಸಂಜೆ ಒಳಗಿನಿಂದ ಆ ಬಾಯಿ ಮುಚ್ಚಿದ ರಾಗ ಕೇಳಿಸಿತು. ಅಮ್ಮನಿಗೆ ಯಾರೂ ಅದರ ಅರ್ಥ ಹೇಳಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, “ಯಾರೋ ಹೋಗಿದಾರೆ ಕಣೇ, ಅಳ್ತಾ ಇದಾರೆ,” ಎಂದಳು.

ಕೊನೆಗೆ ಬಾಗಿಲು ತೆರೆದಾಗ ಅವರ ಹಿಂದೆ ಸೂಟ್‌ಕೇಸ್ ಬಿಚ್ಚಿ ಇಟ್ಟದ್ದು ಕಂಡಿತು. ಬಟ್ಟೆಗೆ ಮತ್ತೆ ಮೊದಲಿನಿಂದ ಶುರುವಾಗಬೇಕು; ತುಂಬಿದ್ದಕ್ಕೆ ಇಲ್ಲಿನ ಮಂಜು ಸಾಕು, ಬರಿದಾದದ್ದನ್ನು ಶುರು ಮಾಡಲು ಆ ಹೊಲದ ಇಬ್ಬನಿಯೇ ಬೇಕು ಎಂದರು.

“ಗಿಡ ಇಲ್ಲವಲ್ಲ,” ಎಂದೆ.

“ಗಿಡ ಇದ್ದ ಜಾಗ ಇದೆ. ಅದನ್ನು ಜೆಸಿಬಿಯಲ್ಲಿ ಕೀಳಲಿಕ್ಕಾಗುವುದಿಲ್ಲ.” ಅಮ್ಮನ ಕಡೆ ತಿರುಗಿದರು. “ನಿನ್ನ ತಾಯಿಗೆ ಹೇಳು, ಅವರಿಂದಾಗಿ ನಾನು ಹೋಗುತ್ತಿಲ್ಲ ಅಂತ.” ತಾವೇ ತಿದ್ದಿದರು: “ಬೇಡ. ಅವರಿಂದಾಗಿಯೇ ಹೋಗುತ್ತಿದ್ದೇನೆ ಅಂತ ಹೇಳು. ಸಿಟ್ಟು ಇನ್ನೂ ಇದೆ ಅಂತಲೂ ಹೇಳು.”

ಹೇಳಿದೆ. ಅಮ್ಮ, “ಇರಬೇಕಾದ್ದೇ,” ಎಂದು ತಲೆಯಾಡಿಸಿದಳು.

ಡಿಸೆಂಬರ್ ಮುಗಿಯುವ ಮೊದಲೇ ಕೆಲಸ ಬಿಟ್ಟು, ವೀಸಾ ರದ್ದು ಮಾಡಿಸಿ ಹೊರಟರು. ಮಗಳ ಹಣೆ ಮುಟ್ಟುವ ಮೊದಲು ಅಂಗೈ ಉಜ್ಜಿಕೊಂಡರು. ನಾನು ಅಳದಿರಲು ಏನೋ ಹರಟುತ್ತಿದ್ದೆ. ಮಾತಿನ ನಡುವೆ ನೋಡಿದರೆ ಲಿಫ್ಟಿನ ಬಾಗಿಲು ಮುಚ್ಚುತ್ತಿತ್ತು.

ಜನವರಿಯ ಕೊನೆಯ ಸಂಜೆ ಅವರಿಗೆ ಮಗುವಿನ ಫೋಟೋ ಕಳುಹಿಸಿದೆ. ಉತ್ತರವಾಗಿ ಒಂದು ಫೋಟೋ ಬಂತು: ಬೂದು ಹೊಲ, ತಂತಿಬೇಲಿಯ ಒಂಟಿ ಗೂಟ, ಅದರ ಮೇಲೆ ಬಿಳಿ ಬಟ್ಟೆ. ಹಿಂದೆ ತಗಡಿನ ಶೆಡ್. ಮಾತು ಬರೆದಿರಲಿಲ್ಲ. ಮರುದಿನ ಬೆಳಗ್ಗೆ ನಮ್ಮ ಬೀದಿಯಲ್ಲಿ ಮಂಜಿತ್ತು. ಖಾಲಿ ಫ್ಲ್ಯಾಟಿನ ಬಾಲ್ಕನಿಯ ಕಡೆ ನಾನು ನೋಡಲಿಲ್ಲ. ಅಮ್ಮ ನೋಡಿ ಬಂದಳು. ಏನು ಕಂಡಿತೆಂದು ಕೇಳಿದರೆ, “ಏನಿಲ್ಲ, ಒದ್ದೆ,” ಎಂದಳು.

ವಾರ ಕಳೆದ ಮೇಲೆ ಅವರ ನಂಬರಿನಿಂದಲೇ ಫೋನು ಬಂತು. ದನಿ ಚಿಕ್ಕ ವಯಸ್ಸಿನ ಹುಡುಗಿಯದು: ತಮ್ಮನ ಮಗಳು. ಅತ್ತೆ ಬಟ್ಟೆ ಹಾಸಿ ಬಂದು, ಹೊಲ ಕಾಣುವ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತವರು ಬೆಳಗ್ಗೆ ಏಳಲಿಲ್ಲ. ಮಣ್ಣು ಮಾಡಿಯಾಯಿತು. ಬಟ್ಟೆ ಇನ್ನೂ ಗೂಟದ ಮೇಲೇ ಇದೆ; ಅಂದಿನಿಂದ ಮಳೆಮೋಡ, ಬಿಸಿಲು ಬಿದ್ದಿಲ್ಲ.

“ಅಪ್ಪ ಯಾರಿಗೂ ಮುಟ್ಟಲು ಬಿಡುತ್ತಿಲ್ಲ. ಹಾಸಿದವಳೇ ಬಂದು ತಗೊಂಡು ಹೋಗುತ್ತಾಳೆ ಅಂತ ಹೇಳುತ್ತಾ ಕಿಟಕಿಯಲ್ಲೇ ಕೂತಿದ್ದಾರೆ. ಬಂದ ದಿನದಿಂದ ಅತ್ತೆ ನನಗೆ ಹೇಳುತ್ತಿದ್ದರು, ಏನಾದರೂ ಆದರೆ ಅಬುಧಾಬಿಯವಳನ್ನು ಕೇಳು, ಒಳಗಿನ ಉತ್ತರ ಅವಳಿಗೆ ಗೊತ್ತು ಅಂತ. ಹಾಸಿದವಳು ಇಲ್ಲದಿದ್ದರೆ ಯಾರು ತರಬಹುದು? ನಿಯಮ ಏನು?”

ಅಂಥ ನಿಯಮವನ್ನು ಅವರು ನನಗೆ ಹೇಳಿರಲಿಲ್ಲ. ಅವರ ಮನೆಯಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲವೇನೋ. ಅಮ್ಮ ಕಾಲು ಚಾಚಿ ಕುಳಿತು ಮಗುವಿಗೆ ನೀರು ಹಾಕಲು ಎಣ್ಣೆ ಹಚ್ಚುತ್ತಿದ್ದಳು. ಕನ್ನಡದಲ್ಲಿ ಹೇಳಿದೆ.

“ಹಾಸಿದವರು ಹೋದ್ರೆ ಮನೆಯಲ್ಲಿರೋ ಹೆಣ್ಣುಮಗಳು ತರಬೇಕು. ಇನ್ಯಾರು ತರ್ತಾರೆ? ಅದಕ್ಕೂ ಶಾಸ್ತ್ರ ಕೇಳ್ಬೇಕಾ?” ಎಂದಳು ಅಮ್ಮ.

ಹಾಗೆಯೇ ಹೇಳಿದೆ. ಹೊರಗೆ ಹೇಳುವ ಮಾತನ್ನು ಕಲಿಸಿದೆ. ಅಲ್ಲಿ ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಅವಳು ಫೋನು ಕೈಯಲ್ಲೇ ಹಿಡಿದು ನಡೆದಳು. ಗಾಳಿ ಕೇಳಿಸಿತು, ಗೇಟು ಕೇಳಿಸಿತು, ಬೂಟಿನಡಿ ಕೆಸರು. ನಾನು ಕಾಣದ ಆ ಹೊಲದ ಸದ್ದು ಹಮ್ದಾನ್ ಸ್ಟ್ರೀಟಿನ ಅಡುಗೆಮನೆಯಲ್ಲಿ ತುಂಬಿತು. ಮತ್ತೆ ಕೆಸರು, ಮತ್ತೆ ಗೇಟು. ಬಾಗಿಲು ತಟ್ಟಿದ ಸದ್ದಾಯಿತು.

“ಬ್ರೀಡ್ ಬಂದಿದ್ದಾಳೆ, ಬಾಗಿಲು ತೆಗೆಯಿರಿ.”

ಒಳಗಿನಿಂದ ಏನೂ ಬರಲಿಲ್ಲ. ನಾನೇ ಇಲ್ಲಿಂದ ಹೇಳಿಬಿಡಲೇ ಎಂದು ಬಾಯಿ ತೆರೆದೆ. ಆಗ ಬಾಗಿಲಾಚೆಯಿಂದ ಒಬ್ಬ ಮುದುಕನ ದನಿ, ಬಹಳ ಕಾಲ ಬಳಸದೆ ತುಕ್ಕು ಹಿಡಿದ ಭಾಷೆಯಲ್ಲಿ, ತಡವರಿಸುತ್ತ, ಆದರೆ ಒಂದು ಪದವನ್ನೂ ಬಿಡದೆ ಉತ್ತರ ಹೇಳಿತು. ಅವಳ ಜೊತೆ ಬಂದವರನ್ನೂ ಕರೆಯಿತು. ಚಿಲಕ ಸರಿಯಿತು. ಅವನು ಅಳುತ್ತಿದ್ದ.

ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಮೆಲ್ಲಗೆ ಕೇಳಿದಳು: “ಬಟ್ಟೆಯನ್ನು ಒಳಗೆ ತಂದಿದ್ದೇನೆ. ತುಂಬಾ ಭಾರವಾಗಿದೆ, ನೆಲವೆಲ್ಲ ನೀರು. ಹಿಂಡಿ ಹಾಕಲೇ?”

ಅಮ್ಮನಿಗೆ ಹೇಳಿದೆ. ಎಣ್ಣೆಗೈಯನ್ನು ಮಗುವಿನ ಬೆನ್ನ ಮೇಲೆ ಹಾಗೆಯೇ ಇಟ್ಟು ಅಮ್ಮ, “ಹಿಂಡಬೇಡ ಅನ್ನು,” ಎಂದಳು.